ಸಜ್ಜೆ ಹೊಲದ ಕೆಳತುದಿ

ಅಮೆರಿಕದ ಓಹಾಯೋದ ನಮ್ಮ ಆಮಿಶ್ ಕ್ರೈಸ್ತ ಪಂಥದ ಮಂದಿಗೆ ಚರ್ಚು ಅಂತ ಕಟ್ಟಡವಿಲ್ಲ. ಪ್ರಾರ್ಥನೆ ಮನೆಮನೆಗೆ ಸರದಿಯ ಮೇಲೆ ಬರುತ್ತದೆ. ಆ ಭಾನುವಾರ ನಮ್ಮ ಸರದಿ. ದೊಡ್ಡ ಕೊಟ್ಟಿಗೆಯಲ್ಲಿ ಬಿಷಪ್ಪರ ಪ್ರಸಂಗ ಇನ್ನೂ ಅರ್ಧಕ್ಕೆ ಬಂದಿರಲಿಲ್ಲ, ಕಾಫಿಗೆ ನೀರಿಡಲು ನಾನೊಬ್ಬಳೇ ಅಡುಗೆಮನೆಗೆ ಬಂದೆ. ಕಿಟಕಿಯಿಂದ ನೋಡಿದರೆ ನಮ್ಮ ಹಸುಗಳೆಲ್ಲ ಮೇವಿನ ಹೊಲದೊಳಗೆ! ಕುದುರೆಗಾಡಿಗಳಿಗೆ ಜಾಗ ಮಾಡಿದ ಯಾವ ಪುಣ್ಯಾತ್ಮನೋ ಗೇಟನ್ನು ಹಾಗೇ ಬಿಟ್ಟಿದ್ದ.

ಎದೆ ಧಸಕ್ಕೆಂದಿತು. ರಾತ್ರಿ ಆ ವರ್ಷದ ಮೊದಲ ಇಬ್ಬನಿ ಹೆಪ್ಪುಗಟ್ಟಿತ್ತು. ಹಿಂದಿನ ವರ್ಷ ಇಂಥದೇ ಬೆಳಗ್ಗೆ ನನ್ನ ತಂಗಿಯ ಹಸುಗಳು ಸುಡಾನ್ ಹುಲ್ಲು ತಿಂದು ಅವಳ ಕಣ್ಣೆದುರೇ ಸತ್ತಿದ್ದವು. ಅದು ಜೋಳದ ಜಾತಿಯದು, ಹಿಮ ತಾಗಿದರೆ ವಿಷ. ಸಜ್ಜೆಗೆ ಆ ಕಾಟವಿಲ್ಲ. ಅದಕ್ಕೇ ನಾನು ಹಟ ಹಿಡಿದು ಕೂತಿದ್ದೆ, ಬಿತ್ತಿದರೆ ಸಜ್ಜೆಯೇ ಬಿತ್ತಬೇಕು ಅಂತ. ನನ್ನ ಗಂಡ ಎನೋಸ್ ಹೂಂ ಅಂದಿದ್ದ. ಮತ್ಯಾಕೆ ಹೆದರಿಕೆ ಸಲೋಮಿ, ಅಂತ ನನಗೆ ನಾನೇ ಹೇಳಿಕೊಂಡೆ. ಆದರೂ ನೀರಿನ ಪಾತ್ರೆ ಅಲ್ಲೇ ಬಿಟ್ಟು ಹೊರಗೆ ಓಡಿದೆ.

ಅಷ್ಟಕ್ಕೂ ಹೊಲದಲ್ಲಿ ಮೇವು ನಿಂತಿರಲೇಬಾರದಿತ್ತು. ತೆನೆ ಹೊರಡುವ ಮುಂಚೆ ಕೊಯ್ದರೆ ಮೇವು ಮೆತ್ತಗಿರುತ್ತದೆ, ಎರಡನೇ ಕೊಯ್ಲು ಮುಗಿಸು ಅಂತ ಬಡಕೊಂಡಿದ್ದೆ. "ಇನ್ನೊಂಚೂರು ಬೆಳೀಲಿ ಬಿಡೆ" ಅಂದ. ಶನಿವಾರ ಬೆಂಚು ಜೋಡಿಸುವುದರಲ್ಲೇ ಹೋಯಿತು. ಭಾನುವಾರ ಕೊಯ್ಲಿನ ಮಾತೇ ಎತ್ತುವ ಹಾಗಿಲ್ಲ.

ಕೊಟ್ಟಿಗೆ ಬಾಗಿಲಲ್ಲಿ ನಿಂತು ಎನೋಸ್‌ಗೆ ಸನ್ನೆ ಮಾಡಿದೆ. ಅವನ ಹಿಂದೆಯೇ ನೆರೆಮನೆಯ ಮುದುಕ ಯೋಸ್ಟ್ ಕೂಡ ಎದ್ದು ಬಂದ. ಹಸುಗಳನ್ನು ಕಂಡು ಅವನಿಗೆ ನಗು.

"ಏನೋ ಎನೋಸ್, ಪ್ರಸಂಗ ಉದ್ದ ಆಯ್ತು ಅಂತ ಹಸು ಕೈಲಿ ಗೇಟು ತೆಗೆಸಿದ್ಯಾ?"

ಎನೋಸ್ ನಗಲಿಲ್ಲ. ಮುಖ ಬಿಳುಚಿಕೊಂಡು ಓಡತೊಡಗಿದ. ಸಜ್ಜೆ ಮೇಯುವ ಹಸುವಿಗಾಗಿ ಯಾರಾದರೂ ಹಾಗೆ ಓಡುತ್ತಾರೆಯೇ?

"ಎನೋಸ್! ಅದು ಸಜ್ಜೆ ತಾನೆ?" ನಾನೂ ಓಡುತ್ತಲೇ ಕೂಗಿದೆ.

"ಮೇಲ್ಗಡೆ ಸಜ್ಜೇನೇ."

"ಕೆಳಗಡೆ?"

"ಬೀಜ ಸಾಲ್ಲಿಲ್ಲ ಕಣೆ. ತಮ್ಮನ ಮನೇಲಿ ಸುಡಾನ್ ಮಿಕ್ಕಿತ್ತು. ತುದೀಗೆ ಅದನ್ನ ಹಾಕ್ಬಿಟ್ಟೆ."

"ಅಯ್ಯೋ ನಿನ್ನ! ತುದಿ ಅಂದ್ರೆ ಎಲ್ಲಿಂದ?"

"ಗೊತ್ತಾಗ್ತಿಲ್ಲ. ತೆನೆ ಇದ್ದಿದ್ರೆ ಹೇಳ್ಬೋದಿತ್ತು."

ತೆನೆ ಎಲ್ಲಿ ಬರಬೇಕು? ಒಮ್ಮೆ ಕೊಯ್ದು ಮತ್ತೆ ಚಿಗುರಿದ ಹೊಲ. ಈ ತುದಿಯಿಂದ ಆ ತುದಿಗೆ ಒಂದೇ ಹಸಿರು. ಹಸುಗಳು ತಲೆ ತಗ್ಗಿಸಿ ಮೇಯುತ್ತಾ ಕೆಳಕ್ಕೆ ಇಳಿಯುತ್ತಿದ್ದವು. ಯಾವ ಬಾಯಿಗೆ ಯಾವುದು ಸಿಕ್ಕಿದೆಯೋ ದೇವರಿಗೇ ಗೊತ್ತು.

ಹಿಂದಕ್ಕೆ ಓಡಿ ಓಟ್ಸ್ ಬಕೆಟ್ ತಂದು ಬಡಿದೆ. "ಬಾ ನನ್ನವ್ವ, ಬಾ! ಬನ್ರೇ!" ಒಂದೊಂದಾಗಿ ತಲೆ ಎತ್ತಿದವು, ಬಂದವು. ಬಂದಬಂದದ್ದರ ಮೂಗಿಗೆ ಕೈ ಹಿಡಿದು ಉಸಿರು ನೋಡಿದೆ. ಗಬ್ಬದ ಹಸು ರೂಬಿ ಮಾತ್ರ ಎಲ್ಲಕ್ಕಿಂತ ಕೆಳಗಿದ್ದಳು. ಬಕೆಟ್ ಸದ್ದಿಗೆ ಕಿವಿ ನಿಮಿರಿಸಿ ನನ್ನ ಕಡೆಗೇ ಹೊರಟಳು. ಕಾಲು ನಡುಗಿತು, ಕುಸಿದಳು. ನಾನು ತಲುಪುವಷ್ಟರಲ್ಲಿ ಬಾಯಿ ತೆರೆದು ಏದುಸಿರು ಬಿಡುತ್ತಿದ್ದಳು. ಆಮೇಲೆ ಅದೂ ನಿಂತಿತು. ಯೋಸ್ಟ್ ಟೋಪಿ ತೆಗೆದ.

ಉಳಿದವು ಬದುಕಿದವು. ಕತ್ತಲಾಗುವವರೆಗೂ ನಾನು ಅವುಗಳ ನಡುವೆಯೇ ನಿಂತಿದ್ದೆ. ಯಾವುದಾದರೂ ಕೆಮ್ಮಿದರೆ ಸಾಕು, ನನ್ನ ಪ್ರಾಣ ಹೋಗಿ ಬರುತ್ತಿತ್ತು.

ಮರುವರ್ಷ ಬಿತ್ತನೆಗೆ ಮುಂಚೆ ಎನೋಸ್ ಬೀಜದ ಚೀಲ ಹೊತ್ತು ತಂದು ನನ್ನ ಮುಂದೆಯೇ ಬಿಚ್ಚಿದ.

"ಬರೀ ಸಜ್ಜೆ. ನೋಡು."

ಬೂದುಬಣ್ಣದ ಸಣ್ಣ ಕಾಳು, ಸಜ್ಜೆಯೇ. ಆದರೂ ಮೊಣಕೈವರೆಗೆ ಕೈ ಇಳಿಸಿ ತಳದ ಕಾಳು ತೆಗೆದು ನೋಡಿದೆ. ಅವನು ಚೀಲದ ಬಾಯಿ ಇನ್ನಷ್ಟು ಅಗಲಿಸಿ ಹಿಡಿದ.

"ಗಾಡೀಲಿ ಇನ್ನೊಂದಿದೆ," ಅಂದ. "ಅದನ್ನೂ ನೋಡ್ಬಿಡು."