ಇಬ್ಬರಿಗೇ ಬಗ್ಗುವ ಸಂಖ್ಯೆ

ಗಣಿಯ ಲಿಫ್ಟು ತಳದಲ್ಲಿ ನಿಂತಿತ್ತು. ಮೇಲೆ ಎಂಜಿನ್ ಕೋಣೆಯಲ್ಲಿ ಅವಳು ಹಳೆ ಬಟ್ಟೆ ಹಿಡಿದು ಹಲ್ಲುಚಕ್ರಗಳಿಗೆ ಮೆತ್ತಿದ ಕಪ್ಪು ಗ್ರೀಸ್ ಒರೆಸುತ್ತಿದ್ದಳು. ಲಿವರ್ ಮುಂದೆ ಅಪ್ಪ ಕೂತಿದ್ದ. ಹೊಸ ಚಕ್ರದ ಒಂದು ಹಲ್ಲಿಗೆ ಬಟ್ಟೆಯ ಎಳೆ ಸಿಕ್ಕಿಕೊಂಡಿತು.

ಬಗ್ಗಿ ನೋಡಿದಳು. ಉಳಿದ ಹಲ್ಲುಗಳು ತಂದ ದಿನ ಹೇಗಿದ್ದವೋ ಹಾಗೇ ಇದ್ದವು. ಆ ಒಂದು ಮಾತ್ರ ಇಲಿ ಕಡಿದ ಹಾಗಾಗಿ, ಬುಡದಲ್ಲಿ ಕೂದಲೆಳೆಯಂಥ ಬಿರುಕು ಬಿಟ್ಟಿತ್ತು. ಅದರ ಎದುರಿಗೇ ಹಳೆ ಚಕ್ರದ ಮುಕ್ಕು ಹಲ್ಲು.

ಆ ಮುಕ್ಕು ಅವಳು ಹುಟ್ಟುವ ಮೊದಲಿನದು. ಆದರೂ ಲಿಫ್ಟು ಯಾಕೆ ಕೆಡಲಿಲ್ಲವೆಂದು ಅಪ್ಪನೇ ಅವಳಿಗೆ ಕಥೆಯಂತೆ ಹೇಳಿದ್ದ. ಒಂದು ಚಕ್ರಕ್ಕೆ ತೊಂಬತ್ತೇಳು ಹಲ್ಲು, ಇನ್ನೊಂದಕ್ಕೆ ನೂರಮೂರು. ಗುಣಿಸಿದರೆ ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂದು.

"ಮಹಾ ಜಗಮೊಂಡ ಸಂಖ್ಯೆ ಕಣೇ. ಮೂರು, ಏಳು, ಹನ್ನೊಂದು, ಯಾವುದ್ರಿಂದ ಭಾಗಿಸಿದ್ರೂ ಚೂರು ಉಳಿಸ್ಕೊಂಡೇ ಕೂತಿರುತ್ತೆ. ಒಂದರ ಮಾತು ಬಿಡು, ಅದು ಎಲ್ರ ಮನೆಗೂ ನುಗ್ಗುತ್ತೆ. ಈ ಇಬ್ಬರಿಗೆ ಬಿಟ್ರೆ ಇದು ಇನ್ಯಾರಿಗೂ ಬಗ್ಗಲ್ಲ."

ಹಾಗಾಗಿ ಮುಕ್ಕು ಹಲ್ಲು ಒಮ್ಮೆ ಕಚ್ಚಿದ ಹಲ್ಲನ್ನೇ ಮತ್ತೆ ಕಚ್ಚಬೇಕೆಂದರೆ ನಡುವೆ ಅಷ್ಟೂ ಹಲ್ಲು ಸರಿದುಹೋಗಬೇಕಿತ್ತು. ಪೆಟ್ಟು ಎಲ್ಲಕ್ಕೂ ಹಂಚಿಹೋಗುತ್ತಿತ್ತು.

ಕಳೆದ ತಿಂಗಳು ನೂರಮೂರರ ಚಕ್ರ ಸೀಳಿಹೋಯಿತು. ಫಿಟ್ಟರ್ ಕೆಲಸದ ಭಾವ ಮುಚ್ಚಿದ ಗಿರಣಿಯೊಂದರಲ್ಲಿ ಬಳಸದೆ ಬಿದ್ದಿದ್ದ ತೊಂಬತ್ತೇಳು ಹಲ್ಲಿನದ್ದೇ ಇನ್ನೊಂದನ್ನು ತಂದು, ಅಚ್ಚು ಸರಿಸಿ ಕೂರಿಸಿದ. ಸಮಕ್ಕೆ ಸಮ, ಹೇಳಿ ಮಾಡಿಸಿದ ಜೋಡಿ ಎಂದು ಎಲ್ಲರೂ ಬೆನ್ನು ತಟ್ಟಿದರು. ಈಗ ಸುತ್ತು ಸುತ್ತಿಗೂ ಅದೇ ಮುಕ್ಕು, ಅದೇ ಹಲ್ಲು.

"ಭಾವ, ಇದು ಮುರಿಯುತ್ತೆ," ಎಂದಳು.

ಬಾಗಿಲಲ್ಲಿ ಟೀ ಕುಡಿಯುತ್ತಿದ್ದ ಭಾವ ನಕ್ಕ. "ಓಹೋ, ನಮ್ಮ ಗೊಂಬೆಗೂ ಬಾಯಿ ಬಂತು! ನೋಡಿ ಮಾವ, ನಿಮ್ಮ ಮಗಳಿಗೆ ನನ್ನ ಕೆಲಸದ ಮೇಲೆ ನಂಬಿಕೆ ಇಲ್ವಂತೆ. ಇವಳ ಅಕ್ಕಂಗೂ ಇದೇ ರೋಗ."

ಅಪ್ಪ ಎದ್ದು ಬಂದು ಬಿರುಕಿನ ಮೇಲೆ ಉಗುರಾಡಿಸಿದ. ಉಗುರು ಒಳಗಿಳಿಯಿತು. ಅವನ ಮುಖ ಬಿಳಿಚಿತು. ಮುನಿಸಿಕೊಂಡು ತವರಿಗೆ ಬಂದಿದ್ದ ಅಕ್ಕನನ್ನು ಭಾವ ವಾಪಸು ಕರೆದುಕೊಂಡು ಹೋಗಿ ವಾರವೂ ಆಗಿರಲಿಲ್ಲ.

"ಇವತ್ತೊಂದಿನ ತಡೆಯುತ್ತೆ ಬಿಡು," ಎಂದ ಅಪ್ಪ, ಅವಳ ಮುಖ ನೋಡದೆ.

ಕೆಳಗಿನಿಂದ ಗಂಟೆ ಬಡಿಯಿತು. ಪಾಳಿ ಮುಗಿದು ಅಣ್ಣನೂ ಅವನ ಜೊತೆಯವರೂ ಲಿಫ್ಟು ಹತ್ತಿ ನಿಂತಿದ್ದರು. ಅಪ್ಪ ಹೋಗಿ ಲಿವರ್ ಹಿಡಿದ. ಭಾವ ಲೋಟ ಕೆಳಗಿಟ್ಟು ಚಕ್ರವನ್ನೇ ನೋಡಿದ. ನಗು ಮುಖದಲ್ಲಿ ಹಾಗೇ ಉಳಿದಿತ್ತು, ಕಣ್ಣಲ್ಲಿರಲಿಲ್ಲ. ಹಗ್ಗ ಬಿಗಿಯಿತು. ಟಕ್.

"ಅಪ್ಪಾ."

ಅಪ್ಪ ತಿರುಗಲಿಲ್ಲ. ಟಕ್.

"ಅಪ್ಪಾ, ನಿಲ್ಸು. ಅವರು ಗೋಡೆ ಪಕ್ಕದ ಏಣಿ ಹತ್ಕೊಂಡು ಬರ್ಲಿ."