ಒಂದೇ ರಾತ್ರಿಗೆ ಬೆಂದ ಸೊಪ್ಪು

ಹುಣಸೂರಿನ ಥಿಯೇಟರಿನಲ್ಲಿ ನಾವು ಕೂತ ಸಾಲು ಹೀಗಿತ್ತು. ಗೋಡೆಯ ಪಕ್ಕ ನಾನು, ಆಮೇಲೆ ನಮ್ಮವ್ವ ಮಾಯಮ್ಮ, ನಡುವೆ ಸುನಂದಮ್ಮ ದೊಡ್ಡಮ್ಮ, ಅವರಾಚೆ ಶಿವನಂಜಮ್ಮ, ತುದಿಯಲ್ಲಿ ಅವರ ಮಗ ಕಿರಣ್‌ಕುಮಾರ್. ಹುಡುಗ ಹುಡುಗಿ ಮದುವೆಗೆ ಮುಂಚೆ ಒಂದು ಸಲ ಮಾತಾಡಿಕೊಳ್ಳಲಿ ಎಂದೇ ದೊಡ್ಡಮ್ಮ ಈ ಸಿನಿಮಾ ಏರ್ಪಾಡು ಮಾಡಿದ್ದರು. ಮಾತಾಡಬೇಕಾದ ಇಬ್ಬರ ನಡುವೆ ಮೂವರು ಹೆಂಗಸರು ಕೂತಿದ್ದರು.

ನಮ್ಮೂರು ರಾವಂದೂರಿನ ಹತ್ತಿರ. ಕಿರಣ್‌ಕುಮಾರ್ ಅವರದು ಕೆ.ಆರ್. ನಗರದ ಕಡೆ, ನಾಲೆ ನೀರಿನ ಭತ್ತದ ಊರು. ದೊಡ್ಡಮ್ಮ ಅದೇ ಊರಿಗೆ ಸೊಸೆಯಾಗಿ ಹೋದವರು, ಸಂಬಂಧ ತಂದವರೂ ಅವರೇ. ಹೆಣ್ಣು ನೋಡುವ ದಿನ ನಾನು ಒಂದು ಮಾತೂ ಆಡಿರಲಿಲ್ಲ. ಮಾತು ನನಗೆ ಮೊದಲಿಂದಲೂ ಕಷ್ಟ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟೆ. ಅಲ್ಲಿಂದ ಈಚೆಗೆ ಪ್ರತಿ ವರ್ಷ ಆಷಾಢದಿಂದ ಚಾಮಯ್ಯನವರ ಬ್ಯಾರನ್ನಿನ, ಅಂದರೆ ಹೊಗೆಸೊಪ್ಪನ್ನು ಬೆಂಕಿಯ ಶಾಖದಲ್ಲಿ ಬೇಯಿಸಿ ಒಣಗಿಸುವ ಮನೆಯ, ಮುಂದೆ ಕೂತು ಸೊಪ್ಪನ್ನು ಕಡ್ಡಿಗೆ ಕಟ್ಟುತ್ತೇನೆ. ಬಾಯಿ ಸುಮ್ಮನಿರುತ್ತದೆ, ಕೈ ಓಡುತ್ತದೆ, ಕಣ್ಣು ಸುತ್ತ ನೋಡುತ್ತಿರುತ್ತದೆ.

ಅವತ್ತು ಥಿಯೇಟರು ತುಂಬಿತ್ತು. ಹೊಗೆಸೊಪ್ಪು ಬೆಳೆಯುವವರ ಕಥೆ ಎಂದು ಸುದ್ದಿಯಾಗಿದ್ದರಿಂದ ಸುತ್ತಲ ಹಳ್ಳಿಯವರೆಲ್ಲ ಕೆಲಸ ಬಿಟ್ಟು ಬಂದಿದ್ದರು. ಹಿಂದಿನ ಸಾಲಿನಿಂದ ಹಸಿ ಸೊಪ್ಪಿನ ವಾಸನೆ ಬರುತ್ತಿತ್ತು. ತೊಳೆದರೂ ಬಿಡದ ವಾಸನೆ ಅದು.

ಇಂಟರ್‌ವಲ್ ಆದ ಮೇಲೆ ಆ ದೃಶ್ಯ ಬಂತು. ಗಂಡನಿಲ್ಲದ ತಾಯಿ ಹೊಲದಿಂದ ಹಸಿ ಸೊಪ್ಪು ಹೊತ್ತು ತರುತ್ತಾಳೆ. ಒಬ್ಬಳೇ ಕಡ್ಡಿಗೆ ಕಟ್ಟಿ, ಒಬ್ಬಳೇ ಬ್ಯಾರನ್ನಿಗೆ ತುಂಬಿ, ಸಂಜೆ ಬೆಂಕಿ ಹಾಕುತ್ತಾಳೆ. ಒಂದು ಹಾಡು. ಹಾಡು ಮುಗಿಯುವಾಗ ಕೋಳಿ ಕೂಗುತ್ತದೆ. ಬಾಗಿಲು ತೆಗೆದರೆ ಒಳಗೆಲ್ಲ ಚಿನ್ನದ ಬಣ್ಣದ ಸೊಪ್ಪು. ಅಷ್ಟರಲ್ಲಿ ಪಟ್ಟಣದಿಂದ ಮಗ ಓಡಿ ಬರುತ್ತಾನೆ. ಅವನ ಕೈಗೆ ಒಂದು ಹಿಡಿ ಸೊಪ್ಪು ಕೊಟ್ಟು, "ಬೆಂದಿದೆ ಮಗಾ" ಎಂದು ಅವನ ತೊಡೆಯ ಮೇಲೆ ಪ್ರಾಣ ಬಿಡುತ್ತಾಳೆ.

ಸೊಪ್ಪು ಬೇಯಲು ಐದು ದಿನ ಬೇಕು. ಮೊದಲು ಎಲೆ ಹಳದಿಗೆ ತಿರುಗಬೇಕು, ಆಮೇಲೆ ಎಲೆ ಒಣಗಬೇಕು, ಕಡೆಗೆ ದಂಟು ಒಣಗಬೇಕು. ಇದು ನಮ್ಮ ಕಡೆ ತೊಟ್ಟಿಲ ಮಗುವಿಗೂ ಗೊತ್ತು.

ಮುಂದಿನ ಸಾಲಿನಿಂದ ಯಾರೋ ಕೂಗಿದರು. "ಯವ್ವೋ, ಬಾಗ್ಲು ಮುಚ್ಚವ್ವ! ಇನ್ನೂ ನಾಕ್ ದಿನ ಐತೆ!"

"ಕುಕ್ಕರ್‌ನಲ್ಲಿ ಇಟ್ಟವ್ಳೆ ಕಣ್ಲಾ! ಮೂರೇ ವಿಷಲ್ಲು!" ಎಂದ ಇನ್ನೊಬ್ಬ.

ಥಿಯೇಟರಿಗೆ ಥಿಯೇಟರೇ ನಕ್ಕಿತು. ನಮ್ಮವ್ವ ಸೆರಗು ಬಾಯಿಗೆ ತುರುಕಿಕೊಂಡಳು. ನಾನಂತೂ ಮುಂದಿನ ಕುರ್ಚಿಗೆ ಹಣೆ ತಾಗುವಷ್ಟು ಬಾಗಿ ನಕ್ಕೆ. ನಾಲ್ಕು ಜನರ ಮುಂದೆ ನಾನು ಹಾಗೆ ನಕ್ಕದ್ದು ಅದೇ ಮೊದಲು. ನಗುತ್ತಲೇ ತಲೆ ಎತ್ತಿ ಸಾಲಿನ ಆ ತುದಿಗೆ ನೋಡಿದೆ.

ಕಿರಣ್‌ಕುಮಾರ್ ಅಳುತ್ತಿದ್ದರು. ಕರ್ಚೀಫು ಕೈಯಲ್ಲಿತ್ತು, ಒರೆಸಿಕೊಳ್ಳುವುದು ಮರೆತಿದ್ದರು. ಪರದೆಯ ಬೆಳಕಿನಲ್ಲಿ ಕೆನ್ನೆ ಹೊಳೆಯುತ್ತಿತ್ತು. ಅದೇ ಹೊತ್ತಿಗೆ ಅವರೂ ತಿರುಗಿದರು. ನನ್ನ ಬಾಯಿ ಇನ್ನೂ ತೆರೆದೇ ಇತ್ತು.

ಸಿನಿಮಾ ಬಿಟ್ಟ ಮೇಲೆ ಬಸ್ ಸ್ಟ್ಯಾಂಡ್ ಪಕ್ಕದ ಹೋಟೆಲಿಗೆ ಹೋದೆವು. ಮಸಾಲೆ ದೋಸೆ ಬರುವ ಮುಂಚೆಯೇ ಅಭಿಪ್ರಾಯಗಳು ಬಂದವು.

"ಆ ಹಸ್ರು ಸೀರೆ ಉಟ್ಟಿದ್ಲಲ್ಲ ಹೀರೋಯಿನ್ನು, ಅದ್ನ ಉಟ್ಕೊಂಡು ಯಾರ್ರೀ ಕಳೆ ಕೀಳಕ್ಕೋಯ್ತಾರೆ?" ಎಂದರು ಶಿವನಂಜಮ್ಮ. "ನಂಗೆ ಅವ್ಳಿಗಿಂತ ಸೀರೆದೇ ಚಿಂತೆ ಆಗೋಯ್ತು."

"ಫೈಟು ಚೆನ್ನಾಗಿತ್ತು ಬುಡಿ," ಎಂದಳು ಅವ್ವ. "ಒಂದೇ ಏಟ್ಗೆ ಮೂರು ಜನ ಮಕಾಡೆ ಬಿದ್ರು." ಮನೆಯಲ್ಲಿ ಕೋಳಿ ಕುಯ್ಯುವಾಗ ಅವ್ವ ಬೀದಿ ತುದಿಗೆ ಹೋಗಿ ನಿಲ್ಲುತ್ತಾಳೆ.

ದೊಡ್ಡಮ್ಮ ಇಂಟರ್‌ವಲ್‌ನಿಂದ ಕೊನೆಯವರೆಗೂ ನಿದ್ದೆ ಮಾಡಿದ್ದರು. "ಕತೆ ಮೊದ್ಲೇ ಗೊತ್ತಾಯ್ತು ಕಣಮ್ಮಿ, ಅದ್ಕೇ ಕಣ್ ಮುಚ್ಕೊಂಡೆ," ಎಂದರು. "ನಿಂಗೆಂಗನ್ನಿಸ್ತಪ್ಪ ಕಿರಣ?"

"ಪರವಾಗಿಲ್ಲ," ಎಂದರು ಅವರು, ದೋಸೆಗೆ ಹೇಳುವ ಹಾಗೆ.

"ನಿಂಗೆ, ವನಿತಾ?"

ಹೇಳಬೇಕಾದ್ದು ಬೇಕಾದಷ್ಟಿತ್ತು. ಎಲೆಯ ಬುಡ ಹಿಡಿದು ಕಟ್ಟುವ ಬದಲು ಸಿನಿಮಾದ ಆ ತಾಯಿ ತುದಿ ಹಿಡಿದು ಕಟ್ಟಿದ್ದಳು, ದಂಟೆಲ್ಲ ಕೆಳಗೆ ನೇತಾಡುತ್ತಿತ್ತು. ಸೊಂಟದ ಮೇಲಿನ ಬಿಂದಿಗೆಯಲ್ಲಿ ನೀರಿರಲಿಲ್ಲ, ನಡಿಗೆ ನೋಡಿದರೆ ತಿಳಿಯುತ್ತಿತ್ತು. ನಾನು ನಕ್ಕದ್ದು ಅದಕ್ಕೆ, ನಿಮ್ಮನ್ನು ನೋಡಿ ಅಲ್ಲ. ಎಲ್ಲ ನಾಲಿಗೆಯ ತುದಿಗೆ ಬಂದು ಅಲ್ಲೇ ಕೂತವು.

"ಹೂಂ," ಎಂದೆ.

ಮೂರು ದಿನ ಬಿಟ್ಟು ದೊಡ್ಡಮ್ಮ ಬಸ್ಸಿನಿಂದ ಇಳಿದು ನೇರ ನಮ್ಮ ಅಡುಗೆಮನೆಗೆ ಬಂದು ಕೂತರು. ನೀರನ್ನೂ ಮುಟ್ಟಲಿಲ್ಲ.

"ಹುಡ್ಗ ಬ್ಯಾಡ ಅಂತವ್ನೆ ಮಾಯಮ್ಮ."

"ಯಾಕಂತೆ ಅಕ್ಕ?"

"ನಿನ್ ಮಗ್ಳು ಅವನ್ನ ನೋಡಿ ಬಿದ್ದು ಬಿದ್ದು ನಕ್ಲಂತೆ. ಇವತ್ತು ಥೇಟ್ರಲ್ಲಿ ನಕ್ಕೋಳು ನಾಳೆ ಮನೇಲಿ ನಗ್ತಾಳೆ, ಅಳೋ ಗಂಡ್ಸು ಅಂತ ಊರ್ಗೆಲ್ಲಾ ಏಳ್ತಾಳೆ, ನಂಗೆ ಬ್ಯಾಡ ಅಂತವ್ನೆ. ಅವರವ್ವಂಗೆ ಇವ್ಳೇ ಬೇಕು. ಅವ್ನು ಕೇಳ್ಬೇಕಲ್ಲ?"

ಅವ್ವ ನನ್ನ ಕಡೆ ನೋಡಿದಳು. ನಾನು ಒಲೆಯ ಕಡೆ ನೋಡಿದೆ.

ನನಗೂ ಅವರೇ ಬೇಕಾಗಿತ್ತು. ಕುಡಿದು ಅಳುವ ಗಂಡಸರನ್ನು ಕಂಡಿದ್ದೇನೆ, ಸಾವಿನ ಮನೆಯಲ್ಲಿ ಅಳುವವರನ್ನು ಕಂಡಿದ್ದೇನೆ. ಸುತ್ತ ಐನೂರು ಜನ ನಗುವಾಗ ಯಾರದೋ ತಾಯಿಗೆ ಅಳುವವರನ್ನು ಕಂಡಿರಲಿಲ್ಲ. ಹೋಟೆಲಿನಲ್ಲಿ ಕೂತಷ್ಟು ಹೊತ್ತೂ ಅದನ್ನೇ ಯೋಚಿಸಿದ್ದೆ. ಈಗ ಆ ಮನುಷ್ಯ ನಾನು ಅವರನ್ನೇ ಹಾಸ್ಯ ಮಾಡಿದೆ ಎಂದು ತಿಳಿದು ದೂರ ಹೋಗುತ್ತಿದ್ದರು. ಅವರಿಗೆ ಹೊಗೆಸೊಪ್ಪು ಗೊತ್ತಿಲ್ಲ. ಹುಣಸೂರಿನವರೆಲ್ಲ ಯಾಕೆ ನಕ್ಕರು ಎಂಬುದೇ ಅವರಿಗೆ ತಿಳಿದಿರಲಾರದು.

ಮಾರನೆಯ ದಿನ ಸೊಪ್ಪು ಕಟ್ಟುವಾಗ ಪಕ್ಕದಲ್ಲಿದ್ದ ಶೋಭಾಳಿಗೆ ಹೇಳಿದೆ. ಶೋಭಾ ಆ ಸಿನಿಮಾವನ್ನು ಎರಡು ಸಲ ನೋಡಿದ್ದಳು, ಎರಡನೇ ಸಲ ನಗುವುದಕ್ಕೆ ಅಂತಲೇ ಹೋಗಿದ್ದಳು.

"ಫೋನ್ ಮಾಡೇ," ಎಂದಳು.

"ಏನಂತ?"

"ನಿಮ್ಮುನ್ ನೋಡಿ ನಗ್ಲಿಲ್ಲ, ಸೊಪ್ ನೋಡಿ ನಕ್ಕೆ ಅನ್ನು. ಅಷ್ಟೇ ತಾನೇ? ಮಾಡು, ನಾನು ಪಕ್ದಲ್ಲೇ ಇರ್ತೀನಿ."

ಮಧ್ಯಾಹ್ನ ಅವ್ವನ ಫೋನು ತಂದು, ಬ್ಯಾರನ್ನಿನ ಹಿಂದೆ ಸೌದೆ ಒಟ್ಟಿದ್ದ ಕಡೆ ಹೋದೆವು. ಕಿರಣ್‌ಕುಮಾರ್ ಅವರ ನಂಬರನ್ನು ದೊಡ್ಡಮ್ಮನೇ ಅದರಲ್ಲಿ ಹಾಕಿಸಿಕೊಟ್ಟಿದ್ದರು. ನನ್ನ ಬೆರಳಿಗೆ ಸೊಪ್ಪಿನ ಕಪ್ಪು ಅಂಟು ಮೆತ್ತಿ ಫೋನು ಮಾತೇ ಕೇಳಲಿಲ್ಲ. ಶೋಭಾ ಮೊಣಕೈಯಿಂದ ಒತ್ತಿದಳು. ಎರಡೇ ಸದ್ದಿಗೆ ಎತ್ತಿದರು.

"ಹಲೋ. ಯಾರು?"

ನಾನು ವನಿತಾ ಎನ್ನಬೇಕಿತ್ತು. ಅದೂ ಬರಲಿಲ್ಲ.

"ಹಲೋ?"

"ಸೊಪ್ಪು ಬೇಯಕ್ಕೆ ಐದು ದಿನ ಬೇಕು ಕಣ್ರೀ," ಎಂದೆ. ಫೋನ್ ಇಟ್ಟೆ.

ಶೋಭಾ ಸೌದೆಯ ಮೇಲೆ ಕೂತುಬಿಟ್ಟಳು. "ಇಷ್ಟೇನಾ? ರೇಡಿಯೋದಲ್ಲಿ ರೈತರಿಗೆ ಸಲಹೆ ಕೊಡ್ತಾರಲ್ಲ, ಅಂಗಾಯ್ತು ಕಣೇ! ಹೆಸ್ರಾದ್ರೂ ಏಳ್ಬಾರ್ದಾ?"

ಆಡಿದ್ದು ಒಂದೇ ಮಾತು. ಅದೂ ಅರ್ಥವಾಗದ ಮಾತು. ಅವರು ವಾಪಸ್ಸು ಫೋನ್ ಮಾಡಲಿಲ್ಲ. ಮರುದಿನವೂ ಮಾಡಲಿಲ್ಲ. ಮುಗಿಯಿತು ಎಂದುಕೊಂಡೆ.

ಭಾನುವಾರ ಹತ್ತು ಗಂಟೆಗೆ ಚಾಮಯ್ಯನವರ ಅಂಗಳಕ್ಕೆ ಒಂದು ಬೈಕು ಬಂತು. ಹಿಂದೆ ದೊಡ್ಡಮ್ಮ, ತಲೆ ತುಂಬ ಸೆರಗು ಬಿಗಿದು, ಕಣ್ಣು ಮುಚ್ಚಿ ಕೂತಿದ್ದರು. ಮುಂದೆ ಕಿರಣ್‌ಕುಮಾರ್. ಚಪ್ಪರದ ಕೆಳಗೆ ನಾವು ಆರು ಜನ ಹೆಂಗಸರು ಕಟ್ಟುತ್ತಿದ್ದೆವು. ಎಲ್ಲರ ಕೈಯೂ ನಿಂತಿತು.

ಅವರು ನನ್ನ ಕಡೆ ನೋಡಲಿಲ್ಲ. ಚಾಮಯ್ಯನವರ ಹತ್ತಿರ ಹೋಗಿ ನಿಂತರು. "ಯಜಮಾನ್ರೇ, ಸೊಪ್ಪು ಬೇಯೋದು ಒಂದ್ಸಲ ನೋಡ್ಬೇಕಿತ್ತು."

ಚಾಮಯ್ಯನವರಿಗೆ ಯಾರಾದರೂ ಕೇಳಿದರೆ ಸಾಕು. ಬ್ಯಾರನ್ನಿನ ಗೋಡೆಯಲ್ಲಿರುವ ಅಂಗೈ ಅಗಲದ ಗಾಜನ್ನು ಟವೆಲಿನಲ್ಲಿ ಒರೆಸಿದರು. "ನೋಡಿ. ಇದು ನೆನ್ನೆ ಬೆಳಿಗ್ಗೆ ತುಂಬಿದ್ದು. ಏನ್ ಬಣ್ಣ?"

"ಹಸ್ರು. ಸ್ವಲ್ಪ ಹಳದಿ ಇದೆ."

"ಗುರುವಾರಕ್ಕೆ ಬನ್ನಿ, ಆಗ ಚಿನ್ನ. ಅದಕ್ ಮುಂಚೆ ಬಾಗ್ಲು ತೆಗುದ್ರೆ ಕಪ್ಪಾಯ್ತದೆ. ಮಣ್ಣಿಗಾಕ್ಬೇಕು, ಅಷ್ಟೇ."

ಕಿರಣ್‌ಕುಮಾರ್ ಗಾಜಿಗೆ ಮೂಗು ಒತ್ತಿ ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು. "ಹಂಗಾದ್ರೆ ಆ ಸಿನ್ಮಾದಲ್ಲಿ ಆ ತಾಯಿ..."

"ಅಯ್ಯೋ, ಅದಾ? ಒಂದೇ ರಾತ್ರಿಗೆ!" ಚಾಮಯ್ಯ ತೊಡೆ ತಟ್ಟಿದರು. "ನಾನೂ ನೋಡ್ದೆ ಕಣಪ್ಪ. ಆಯಮ್ಮ ಸತ್ತಿದ್ಕೆ ಯಾರೂ ಅಳ್ಬೇಡಿ, ಸೊಪ್ಪು ಕೆಟ್ಟಿದ್ಕೆ ಅಳ್ರೀ ಅಂತ ಪಕ್ಕದೋನ್ಗೆ ಏಳ್ದೆ!"

ಚಪ್ಪರದ ಕೆಳಗೆ ಎಲ್ಲರೂ ನಕ್ಕರು. ನಾನು ನಗಲಿಲ್ಲ. ಅವರ ಬೆನ್ನನ್ನೇ ನೋಡುತ್ತಿದ್ದೆ. ಬೆನ್ನು ಸ್ವಲ್ಪ ಅಲುಗಿತು. ನಕ್ಕರೋ, ನೊಂದರೋ ತಿಳಿಯಲಿಲ್ಲ. ತಿರುಗಿ ಬಂದು ನನ್ನೆದುರು ಸೊಪ್ಪಿನ ರಾಶಿಯ ಆಚೆ ಕುಕ್ಕರುಗಾಲಲ್ಲಿ ಕೂತರು.

"ಐದು ದಿನ ಅಂದ್ರಿ. ಐದು ದಿನದೊಳಗೆ ಉತ್ರ ಹೇಳು ಅಂತೀರೇನೋ ಅಂತ ಯೋಚ್ನೆ ಮಾಡ್ದೆ ಕಣ್ರೀ. ನಂಬರ್ ತೋರ್ಸಿದ್ರೆ ನಿಮ್ಮವ್ವಂದು ಅಂದ್ರು ಸುನಂದಮ್ಮೋರು. ಸೊಪ್ಪಿನ ಮಾತು ಏನು ಅಂದ್ರೆ, ಸಿನ್ಮಾದಲ್ಲಿ ಆ ಹೊತ್ಗೆ ನಿದ್ದೆ ಮಾಡ್ತಿದ್ರಂತೆ."

"ನಿದ್ದೆ ಯಾರ್ಲಾ ಮಾಡಿದ್ದು?" ಎಂದರು ದೊಡ್ಡಮ್ಮ ಜಗಲಿಯಿಂದ.

ಈಗ ಮಾತಾಡದಿದ್ದರೆ ಇನ್ನೆಂದೂ ಇಲ್ಲ ಎಂದು ನನಗೆ ಗೊತ್ತಿತ್ತು. ಕೈ ಸೊಪ್ಪು ಕಟ್ಟುತ್ತಲೇ ಇರಲಿ ಎಂದು ಬಿಟ್ಟೆ. ಕೈ ಓಡುವಾಗ ಧೈರ್ಯ ಹೆಚ್ಚು.

"ನಿಮ್ಮನ್ನ ನೋಡಿ ನಗ್ಲಿಲ್ಲ," ಎಂದೆ. "ನಗ್ತಿದ್ದಾಗ ನಿಮ್ಮನ್ನ ನೋಡ್ದೆ. ನೋಡಿದ್ಮೇಲೆ ನಗ್ಲಿಲ್ಲ."

ಅವರು ಒಂದು ಎಲೆ ಎತ್ತಿಕೊಂಡು ತಿರುಗಿಸಿ ನೋಡಿದರು.

"ನೀವ್ಯಾಕೆ ಅತ್ರಿ?" ಎಂದು ಕೇಳಿದೆ. ಶೋಭಾ ನನ್ನ ತೊಡೆ ಚಿವುಟಿದಳು, ಕೇಳಬಾರದಿತ್ತು ಎಂದೋ, ಶಹಬಾಸ್ ಎಂದೋ.

"ಮಗ ಬಂದಾಗ ಆ ತಾಯಿ ಕೈ ಬಚ್ಚಿಟ್ಕೊಂಡ್ಲಲ್ಲ."

"ಯಾವಾಗ?"

"ಸೊಪ್ಪು ಕೊಡೋಕೆ ಮುಂಚೆ. ಮಗ ಓಡಿ ಬರ್ತಾನೆ, ಬೂಟು ಹಾಕ್ಕೊಂಡು. ಅವ್ಳು ಎರಡೂ ಕೈನ ಸೆರಗೊಳಗೆ ತುರುಕ್ತಾಳೆ. ಆಮೇಲೆ ಬೇರೆ ದಾರಿ ಇಲ್ದೆ ಒಂದು ಕೈ ತೆಗೀತಾಳೆ." ಅವರು ಎಲೆಯನ್ನು ಕೆಳಗಿಟ್ಟರು. "ನಮ್ಮವ್ವ ಸ್ಕೂಲ್ ಮೀಟಿಂಗ್‌ಗೆ ಬಂದಾಗ್ಲೂ ಅಂಗೇ ಮಾಡೋಳು. ನಾಟಿ ಹಾಕಿ ಹಾಕಿ ಉಗುರೆಲ್ಲ ಕೊಳ್ತು ಹೋಗಿರೋವು. ಸೈನ್ ಮಾಡಿ ಅಂದ್ರೆ, ನೀನೇ ಮಾಡು ಮಗಾ ಅನ್ನೋಳು. ನಾನೂ ಅವ್ಳ ಪಕ್ಕ ನಿಲ್ತಿರ್ಲಿಲ್ಲ. ಸ್ವಲ್ಪ ದೂರ ನಿಲ್ತಿದ್ದೆ."

ಹೆಂಗಸರು ಮತ್ತೆ ಕಡ್ಡಿಗೆ ದಾರ ಸುತ್ತತೊಡಗಿದರು.

ಬಿಂದಿಗೆ ಖಾಲಿ ಇದ್ದದ್ದು ನನಗೆ ಕಂಡಿತ್ತು. ಎಲೆಯ ತುದಿ ಕಂಡಿತ್ತು. ಆ ಕೈ ಕಂಡಿರಲಿಲ್ಲ. ನನ್ನ ಕಣ್ಣು ಏನನ್ನೂ ಬಿಡುವುದಿಲ್ಲ ಎಂದು ನನಗೊಂದು ಜಂಬವಿತ್ತು.

"ನಾನು ಅದ್ನ ನೋಡ್ಲಿಲ್ಲ," ಎಂದೆ.

"ನೀವು ನಗ್ತಿದ್ರಲ್ಲ," ಎಂದರು. ಈ ಸಲ ಆ ಮಾತಿನಲ್ಲಿ ಮುಳ್ಳಿರಲಿಲ್ಲ.

ನನ್ನ ಕೈ ಎರಡೂ ಮೊಣಕೈವರೆಗೆ ಕಪ್ಪಗಿದ್ದವು. ಅವರು ನೋಡುತ್ತಿದ್ದರು. ನಾನು ಬಚ್ಚಿಡಲಿಲ್ಲ. ಇನ್ನೆರಡು ಎಲೆ ಎತ್ತಿ ಬುಡ ಜೋಡಿಸಿ ದಾರ ಸುತ್ತಿದೆ. ಅವರೂ ಎರಡು ಎಲೆ ಎತ್ತಿ ನನ್ನ ಹಾಗೇ ಜೋಡಿಸಲು ಹೋದರು. ಒಂದು ಜಾರಿ ಬಿತ್ತು.

ಅಷ್ಟರಲ್ಲಿ ದೊಡ್ಡಮ್ಮ ಜಗಲಿಯಿಂದ ಎದ್ದು ಬಂದರು. ಬಿಸಿಲು ಏರುತ್ತಿತ್ತು, ವಾಪಸ್ಸು ಆ ಬೈಕಿನಲ್ಲೇ ಕೂರಬೇಕಲ್ಲ ಎಂಬ ಭಯ ಅವರ ಮುಖದಲ್ಲಿತ್ತು. "ಸಿನ್ಮಾ ವಿಚಾರ ಸಾಕು ಬುಡ್ರಪ್ಪ. ಶಿವನಂಜಮ್ಮ ಮನೇಲಿ ಕಾಯ್ತಾ ಅವ್ರೆ. ಏನಂತ ಏಳ್ಲಿ? ಒಪ್ಗೇನೋ, ಇಲ್ವೋ? ವನಿತಾ, ನೀನೇ ಏಳಮ್ಮಿ ಮೊದ್ಲು."

ಉಳಿದ ಐದು ಜನ ಹೆಂಗಸರು ನನ್ನ ಬಾಯಿಯನ್ನೇ ನೋಡಿದರು. ಚಾಮಯ್ಯನವರೂ ನೋಡಿದರು.

"ಇವ್ರು ಒಪ್ಗೆ ದೊಡ್ಡಮ್ಮ," ಎಂದೆ. "ಸಿನ್ಮಾ ಒಪ್ಗೆ ಇಲ್ಲ."

ಕಿರಣ್‌ಕುಮಾರ್ ಜಾರಿದ ಎಲೆಯನ್ನು ಹುಡುಕಿ ಎತ್ತಿಕೊಂಡರು. ಕಿವಿಯೆಲ್ಲ ಕೆಂಪಾಗಿತ್ತು.

"ನಂಗೆ ಎರಡೂ ಒಪ್ಗೆ," ಎಂದರು.

"ಅಂಗಾದ್ರೆ ಕೈ ಆಡ್ಸಿ ಕಣ್ರವ್ವ," ಎಂದು ಚಾಮಯ್ಯ ಗದರಿದರು. "ಸೊಪ್ಪು ಬಾಡ್ತಾ ಐತೆ."