ಸಂಗಣ್ಣನ ದವಡೆಹಲ್ಲು

ಪರದೆಯ ಮೇಲೆ ಗೆರೆ ಎದ್ದ ರೀತಿ ನೋಡಿ ಮಂದಾಕಿನಿ ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡಳು. ಹೈದರಾಬಾದಿನ ಆ ಪ್ರಯೋಗಾಲಯದಲ್ಲಿ ಹನ್ನೊಂದು ವರ್ಷದಿಂದ ಎಲೆಕ್ಟ್ರಾನ್ ಸ್ಪಿನ್ ಅನುರಣನದ ಯಂತ್ರ ನಡೆಸುತ್ತಿದ್ದಾಳೆ. ಹಲ್ಲಿನ ಚೂರಿನಿಂದ ಇಷ್ಟೆತ್ತರದ ಗೆರೆ ಬಂದದ್ದನ್ನು ಕಂಡಿರಲಿಲ್ಲ.

ಹಲ್ಲಿನ ಯಜಮಾನ ಸಂಗಣ್ಣ ಹೊರಗೆ ಬೆಂಚಿನ ಮೇಲೆ ಕೂತಿದ್ದ. ಯಾದಗಿರಿ ಕಡೆಯವನು, ನಗರದಂಚಿನ ಮಿಯಾಪುರದಾಚೆ ಕೊಳವೆ ಹಾಕುವ ಕೆಲಸ. ಮೂರು ತಿಂಗಳ ಹಿಂದೆ, ಬೆಸುಗೆಯ ಫೋಟೊ ತೆಗೆಯುವ ಗಾಮಾ ಕಿರಣದ ಪೆಟ್ಟಿಗೆ ತೆರೆದಿದ್ದು ಗೊತ್ತಿಲ್ಲದೆ, ಉಂಡು ಕೊಳವೆಯ ನೆರಳಲ್ಲಿ ಮಲಗಿಬಿಟ್ಟಿದ್ದ. ವಿಷಯ ತಿಳಿದ ದಿನದಿಂದ ಮಗಳನ್ನು ಎತ್ತಿಕೊಂಡಿಲ್ಲ. ತನ್ನ ಮೈಯಿಂದ ಎಂಟು ತಿಂಗಳ ಆ ಕೂಸಿಗೆ ತಗಲುತ್ತದೆಂಬ ಭಯ. ತಪಾಸಣೆ ಮಾಡಿದ ಡಾಕ್ಟರು ಹಾಗೇನಿಲ್ಲ ಎಂದರೂ ನಂಬಲಿಲ್ಲ. ಈಚೆಗೆ ಅವನು ಹುಳುಕು ದವಡೆಹಲ್ಲು ಕೀಳಿಸಿದ್ದು ತಿಳಿದು ಅವರೇ, "ಆ ಹಲ್ಲನ್ನೇ ಕೇಳೋಣ" ಎಂದು ಇಲ್ಲಿಗೆ ಕಳಿಸಿದ್ದರು.

ಹಲ್ಲು ಹೇಳುತ್ತದೆ, ಸುಳ್ಳಲ್ಲ. ಎಲೆಕ್ಟ್ರಾನು ಒಂದೊಂದೂ ಒಂದು ಪುಟ್ಟ ಕಾಂತ. ಜೋಡಿಯಾಗಿದ್ದರೆ ಒಂದರ ಜೋರನ್ನು ಇನ್ನೊಂದು ಅಳಿಸುತ್ತದೆ. ಹೊರಗಿನವರಿಗೆ ಸುದ್ದಿಯೇ ಇಲ್ಲ. ಕಿರಣ ಬಡಿದು ಜೋಡಿ ಮುರಿದರೆ, ಒಂಟಿಯಾದದ್ದು ಹಲ್ಲಿನ ಬಿಳಿ ಕವಚದಲ್ಲಿ ಸಿಕ್ಕಿ ಅಲ್ಲೇ ಉಳಿಯುತ್ತದೆ. ದೊಡ್ಡ ಕಾಂತದ ನಡುವೆ ಇಟ್ಟು ಮೈಕ್ರೊವೇವ್ ಹಾಯಿಸಿದರೆ, ಕಾಂತದ ಬಲ ಸರಿಯಾಗಿ ಹೊಂದಿದ ಗಳಿಗೆಯಲ್ಲಿ ಈ ಒಂಟಿಗಳು ಪಲ್ಟಿ ಹೊಡೆಯುತ್ತವೆ, ಗೆರೆ ಏಳುತ್ತದೆ. ಗೆರೆ ಎತ್ತರವಾದಷ್ಟೂ ಪೆಟ್ಟು ಜಾಸ್ತಿ.

ಆದರೆ ಇಷ್ಟು ಪೆಟ್ಟು ಬಿದ್ದವನು ಎಂದೋ ಆಸ್ಪತ್ರೆಯ ಮಂಚ ಹಿಡಿದಿರಬೇಕಿತ್ತು. ಮಂದಾಕಿನಿ ಕನ್ನಡಕ ಒರೆಸಿಕೊಂಡು ಗೆರೆಯ ಆಕಾರ ನೋಡಿದಳು. ಕಿರಣದ ಗೆರೆ ಮೇಲೆ ಏರಿದಷ್ಟೇ ಕೆಳಗೆ ಇಳಿಯುವುದಿಲ್ಲ, ಓರೆ ಇರುತ್ತದೆ. ಇದು ಮೇಲೆ ಎಷ್ಟೋ ಕೆಳಗೂ ಅಷ್ಟೇ. ಜಾಗವೂ ಕೂದಲೆಳೆಯಷ್ಟು ಆಚೆ. ಹಾಗಾದರೆ ಈ ಗೆರೆ ಯಾರದು?

ಎದ್ದು ಹೊರಗೆ ಬಂದು ತನ್ನ ಊರಿನ ಮಾತಿನಲ್ಲೇ ಕೇಳಿದಳು. "ಸಂಗಣ್ಣ, ಹಲ್ಲಿಗೆ ಏನರೆ ಹಚ್ಚಿದ್ದೇನಪಾ?"

"ನಾ ಮುಟ್ಟೇ ಇಲ್ರಿ ಮೇಡಂ. ಇಕಿನ್ನ ಕೇಳ್ರಿ."

ಕೂಸನ್ನು ಸೊಂಟದ ಮೇಲಿಟ್ಟುಕೊಂಡು ನಿಂತಿದ್ದ ಅವನ ಹೆಂಡತಿ ಸುಗಲಮ್ಮ ತಲೆ ತಗ್ಗಿಸಿದಳು. "ಎಲಿ ಅಡಿಕಿ ತಿಂದು ಕೆಂಪಗಾಗಿತ್ರಿ. ದೊಡ್ಡ ಆಫೀಸಿನ್ಯಾಗ ನಾಕು ಮಂದಿ ನೋಡ್ತಾರ ಅಂತ ಇದ್ದಲಿ ಪುಡಿ ಹಾಕಿ ಗಸಗಸ ತಿಕ್ಕೀನ್ರಿ. ತಪ್ಪಾತೇನ್ರಿ?"

"ಬಾಯಾಗಿದ್ದಾಗ ಬಿಟ್ಟು ಕಿತ್ತಮ್ಯಾಲ ತಿಕ್ಯಾಳ ನೋಡ್ರಿ!"

"ಬಾಯಾಗಿದ್ದಾಗ ತಿಕ್ಕೂದು ನಿಮ್ಮ ಕೆಲಸ ಇತ್ತು."

ಮಂದಾಕಿನಿಗೆ ನಗು ತಡೆಯಲಾಗಲಿಲ್ಲ. ಸುಟ್ಟ ಕಟ್ಟಿಗೆಯಲ್ಲೂ ಒಂಟಿ ಎಲೆಕ್ಟ್ರಾನುಗಳು ಕಿಕ್ಕಿರಿದಿರುತ್ತವೆ. ಆದರೂ ಊಹೆಯನ್ನು ನಂಬುವ ಹೆಂಗಸಲ್ಲ ಅವಳು. ಗೇಟಿನ ಹತ್ತಿರದ ಇಸ್ತ್ರಿಯವನಿಂದ ಇದ್ದಲಿಯ ಚೂರು ತಂದು ಪುಡಿ ಮಾಡಿ, ಗಾಜಿನ ನಳಿಗೆಯಲ್ಲಿ ಹಾಕಿ ಯಂತ್ರಕ್ಕಿಟ್ಟಳು. ಅದೇ ಗೆರೆ, ಅದೇ ಜಾಗ. ಉಳಿದಿದ್ದ ಅರ್ಧ ಹಲ್ಲಿನ ಬಿರುಕುಗಳನ್ನೆಲ್ಲ ತೊಳೆದು, ಕವಚದ ಮೇಲುಪದರ ಆಮ್ಲದಲ್ಲಿ ಕರಗಿಸಿ, ಒಣಗಿಸುವಷ್ಟರಲ್ಲಿ ಮಧ್ಯಾಹ್ನ ಮೂರಾಯಿತು.

ಅದನ್ನು ಮತ್ತೆ ಯಂತ್ರಕ್ಕಿಡುವಾಗ, ಈ ಸಲ ಗಂಡ ಹೆಂಡತಿ ಇಬ್ಬರನ್ನೂ ಒಳಗೆ ಕರೆದಳು. ಎತ್ತರದ ಗೆರೆ ಮಾಯ. ಅದಿದ್ದ ಕಡೆಯಿಂದ ತುಸು ಈಚೆ ಓರೆಯಾದೊಂದು ಸಣ್ಣ ಉಬ್ಬು ಮಾತ್ರ.

"ನಿನ್ನ ವಯಸ್ಸಿನ ಯಾರ ಹಲ್ಲಿನ್ಯಾಗರೆ ಇಷ್ಟು ಇರತೈತಿ. ತೀರಾ ಸಣ್ಣ ಪೆಟ್ಟು ಬಿದ್ದಿದ್ರ ಈ ಮಷೀನಿಗೆ ಕಾಣೂದಿಲ್ಲ. ದೊಡ್ಡದು ಬಿದ್ದಿಲ್ಲ, ಅದು ಖರೆ."

"ಕೂಸಿಗೆ?"

"ಕಿರಣ ಅವತ್ತೇ ಹಾದು ಹೋತು. ಅದರ ಗುರುತು ಹಲ್ಲಿನ್ಯಾಗ ಸಿಕ್ಕೊಂಡು ಕೂತೈತಿ, ಎದ್ದು ಬರಾಕ ಕಾಲಿಲ್ಲ. ಎಷ್ಟೇ ಬಿದ್ದಿದ್ರೂ ಕೂಸಿಗೆ ತಗಲ್ತಿದ್ದಿಲ್ಲ."

ಸಂಗಣ್ಣ ಪರದೆಯ ಹತ್ತಿರ ಬಂದ. ಮುಟ್ಟದೆ ಬೆರಳು ತೋರಿಸಿದ. "ಈ ಉಬ್ಬು ನಂದೇನ್ರಿ? ಎಷ್ಟ್ ದಿನ ಇರತೈತ್ರಿ?"

"ನೀ ಹೋದಮ್ಯಾಲೂ ಇರತೈತಿ. ಈ ಕಾಂತದಾಗ ಇಟ್ಟಾಗೊಮ್ಮೆ ಪಲ್ಟಿ ಹೊಡಿತೈತಿ."

"ಅಬ್ಬಾ! ಮತ್ತ ಅದು ತಾನಾ ಪಲ್ಟಿ ಹೊಡಿತೈತೋ, ನೀವು ಹೊಡಸ್ತೀರೋ?"

ಮಂದಾಕಿನಿ ಉತ್ತರಕ್ಕೆ ಬಾಯಿ ತೆರೆಯುವುದರೊಳಗೆ ಸುಗಲಮ್ಮ ನಡುವೆ ಬಂದಳು. "ಅದನ್ನ ಆಮ್ಯಾಲ ಕೇಳ್ರಿ. ಮೊದ್ಲು ಇಕಿನ್ನ ಹಿಡೀರಿ. ಮೂರು ತಿಂಗಳಾತು, ನನ್ನ ರಟ್ಟಿ ಬಿದ್ದು ಹೋಗ್ಯಾವು."

ಅವನು ಅಂಗೈಗಳನ್ನು ಅಂಗಿಗೆ ಒರೆಸಿಕೊಂಡ. ಇನ್ನೊಮ್ಮೆ ಒರೆಸಿಕೊಂಡ. ಮಂದಾಕಿನಿಯ ಮುಖ ನೋಡಿದ, ಅವಳು ತಲೆಯಾಡಿಸಿದಳು. ಆಮೇಲೆ ಎರಡೂ ಕೈ ಚಾಚಿದ.

ಸುಗಲಮ್ಮ ಖಾಲಿಯಾದ ತೋಳುಗಳನ್ನು ಜಾಡಿಸುತ್ತಾ, ಇಲ್ಲಿ ಚಾ ಎಲ್ಲಿ ಸಿಗುತ್ತದೆಂದು ಕೇಳಿದಳು.